ಅಕ್ಕಿ ಡಬ್ಬದ ಹಿಂದಿನ ಪುಸ್ತಕ

ನಿಮ್ಮ ಮೆಚ್ಚಿನ ಶೃಂಗಾರ ಕೃತಿ ಯಾವುದು, ಬರೆದು ತಿಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಕಾಗದಗಳಲ್ಲಿ ಕೃತಿಯ ಹೆಸರಿನ ಜತೆಗೆ ಒಂದೊಂದು ಅಳುಕೂ ಇದೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಹಾಗೆಯೇ ಆಗಲಿ, ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ ಐವತ್ತೆಂಟು ವರ್ಷ. ಮನೆಮಾತು ತೆಲುಗು, ಶಾಲೆಯಲ್ಲಿ ಓದಿದ್ದು ಕನ್ನಡ. ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ನನ್ನ ಮೆಚ್ಚಿನ ಪುಸ್ತಕ. ಅದನ್ನು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ. ಸೊಸೆಯ ಕಣ್ಣಿಗೆ ಬಿದ್ದರೆ ಏನೆಂದುಕೊಂಡಾಳು? ಮೊಮ್ಮಗನನ್ನು ಆಡಿಸುವ ವಯಸ್ಸಿನಲ್ಲಿ ಇದೆಲ್ಲ ಸರಿಯೇ? – ಕೋಲಾರ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ ಅಮ್ಮ. ಈ ವಯಸ್ಸಿನಲ್ಲಿ ಇಂಥ ಓದು ತಪ್ಪೇ ಎಂಬುದು ನಿಮ್ಮ ಒಂದು ಚಿಂತೆ, ಸೊಸೆ ಏನೆಂದುಕೊಂಡಾಳು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಿಮ್ಮ ಪುಸ್ತಕದಲ್ಲೇ ಇದೆ. ಅಲ್ಲಿನ ರಾಧೆ ಹದಿನಾರರ ಹುಡುಗಿಯಲ್ಲ. ತಾನು ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸುವ ಹಿರಿಯ ಹೆಣ್ಣು. ಹೊಸ ಹುಡುಗಿಗೆ ಧೈರ್ಯ ಹೇಳುತ್ತಾಳೆ, ಕೃಷ್ಣನಿಗೆ ಮೆಲ್ಲಗೆ ನಡೆದುಕೋ ಎಂದು ಬುದ್ಧಿ ಹೇಳುತ್ತಾಳೆ. ಆಮೇಲೆ ತನ್ನ ಕೋಣೆಗೆ ಬಂದು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಾಳೆ. ವಯಸ್ಸಾದ ಮಾತ್ರಕ್ಕೆ ಆಸೆ ಆರುವುದಿಲ್ಲ ಎಂಬುದನ್ನು 18ನೇ ಶತಮಾನದಲ್ಲಿ, ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಒಬ್ಬ ಹೆಣ್ಣುಮಗಳು ಅಷ್ಟು ನಿಸ್ಸಂಕೋಚವಾಗಿ ಬರೆದಿಟ್ಟಳು. ಕಾವ್ಯದ ಜೀವ ಇರುವುದೇ ಅಲ್ಲಿ. ಅದು ನಿಮಗೆ ತಟ್ಟಿದ್ದರಲ್ಲಿ ನಾಚುವಂಥದ್ದೇನಿದೆ?

ಈ ಪುಸ್ತಕ ಬಚ್ಚಿಟ್ಟುಕೊಳ್ಳಬೇಕಾಗಿ ಬಂದದ್ದು ನಿಮಗೊಬ್ಬರಿಗೇ ಅಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು ಈ ಕಾವ್ಯವನ್ನು ಹುಡುಕಿ ಹೊರಟಾಗ ಅವರ ಕೈಗೆ ಸಿಕ್ಕ ಅಚ್ಚು ಅರೆಬರೆಯಾಗಿತ್ತು. ಮುದ್ದುಪಳನಿ ತನ್ನ ಅಜ್ಜಿಯ, ಮನೆತನದ ಹೆಣ್ಣುಗಳ ಹೆಸರು ಹೇಳಿಕೊಂಡ ಪೀಠಿಕೆಯೇ ಅದರಲ್ಲಿ ಇರಲಿಲ್ಲ. ಕೆಲವು ಪದ್ಯಗಳೂ ಮಾಯವಾಗಿದ್ದವು. ನಾಗರತ್ನಮ್ಮ ಹಸ್ತಪ್ರತಿ ತರಿಸಿ, ಪೂರ್ತಿ ಪಾಠವನ್ನು 1910ರಲ್ಲಿ ಮದ್ರಾಸಿನ ವಾವಿಳ್ಳ ಸಂಸ್ಥೆಯಿಂದ ಅಚ್ಚು ಹಾಕಿಸಿದರು. ಹೆಂಗಸು ಬರೆಯಬಾರದ್ದನ್ನು ಬರೆದಿದ್ದಾಳೆ ಎಂದವರಲ್ಲಿ ಸುಧಾರಕ ಕಂದುಕೂರಿ ವೀರೇಶಲಿಂಗಂ ಕೂಡ ಇದ್ದರು. ಗಂಡು ಕವಿಗಳ ಇಂಥದೇ ವರ್ಣನೆಗೆ ಇಲ್ಲದ ಆಕ್ಷೇಪ ಇದಕ್ಕೇಕೆ ಎಂದು ನಾಗರತ್ನಮ್ಮ ಎದುರು ನಿಂತು ಕೇಳಿದರು. ನನ್ನ ಮಟ್ಟಿಗೆ ಆ ಪ್ರಶ್ನೆಗೆ ಇಂದಿಗೂ ಸರಿಯಾದ ಉತ್ತರ ಬಂದಿಲ್ಲ. ಸರ್ಕಾರ ಪ್ರತಿಗಳನ್ನು ಜಪ್ತಿ ಮಾಡಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಮದ್ರಾಸಿನ ನಾಯಕ ಟಂಗುಟೂರಿ ಪ್ರಕಾಶಂ ಅವರು ನಿಷೇಧ ತೆಗೆಸಿದರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ ಇದೇ ನಾಗರತ್ನಮ್ಮ. ಆ ಭಕ್ತಿಗೂ ಈ ಕಾವ್ಯದ ಪ್ರೀತಿಗೂ ಅವರಲ್ಲಿ ಜಗಳವಿರಲಿಲ್ಲ.

ಸೊಸೆಯ ವಿಷಯ. ನಾಳೆಯೇ ಕೈಗೆ ಕೊಡಬೇಕೆಂದಿಲ್ಲ. ಯಾವಾಗಲಾದರೂ ಬಿಡುವಿನಲ್ಲಿ ನಾಗರತ್ನಮ್ಮನವರ ಕಥೆಯನ್ನು ಹೇಳಿ ನೋಡಿ. ಅವಳಾಗಿ ಕೇಳಿದರೆ ಪುಸ್ತಕ ತೋರಿಸಿ. ಕೇಳದಿದ್ದರೆ ಅದು ನಿಮ್ಮ ಸ್ವಂತದ ಓದು, ಹಾಗೆಯೇ ಇರಲಿ. ಆದರೆ ಜಾಗ ಬದಲಿಸಿ. ಅಡುಗೆಮನೆಯ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಮದುವೆಯಾಗಿ ಎಂಟು ತಿಂಗಳು. ನಾನೂ ಯಜಮಾನರೂ ರಾತ್ರಿ ಹಳೆಯ ಶೃಂಗಾರ ಪದ್ಯಗಳನ್ನು ಒಟ್ಟಿಗೆ ಓದುತ್ತೇವೆ, ಬಹಳ ಇಷ್ಟ. ಆದರೆ ಆ ನಾಯಕಿಯರ ರೂಪ ಓದಿದಾಗೆಲ್ಲ ನಾನು ಹಾಗಿಲ್ಲವಲ್ಲ, ಇವರು ಮನಸ್ಸಿನಲ್ಲೇ ಹೋಲಿಸುತ್ತಿದ್ದಾರೇನೋ ಎಂದು ಸಂಕಟ. – ಹಾಸನ

ಉತ್ತರ: ಈ ಸಂಕಟ ಸಹಜ. ಗಂಡಹೆಂಡಿರು ಕೂತು ಒಟ್ಟಿಗೆ ಓದುವುದೇ ದೊಡ್ಡ ಭಾಗ್ಯ, ಇದಕ್ಕಾಗಿ ಅದನ್ನು ಬಿಡಬೇಡಿ.

ನೀವು ಓದಿದ ವರ್ಣನೆ ಯಾವ ಹೆಣ್ಣನ್ನೂ ಕಣ್ಣಾರೆ ಕಂಡು ಬರೆದದ್ದಲ್ಲ. ಅದು ಕವಿಸಮಯ (ಕವಿಗಳೆಲ್ಲ ಒಪ್ಪಿಕೊಂಡು ಬಂದ ಸಿದ್ಧ ವರ್ಣನೆ). ಎರಡು ಕಾವ್ಯಗಳ ನಾಯಕಿಯರನ್ನು ಅಕ್ಕಪಕ್ಕ ಇಟ್ಟು ನೋಡಿ: ಅದೇ ಕಮಲದ ಕಣ್ಣು, ಅದೇ ಹಂಸದ ನಡೆ. ಹೆಸರು ಬದಲಿಸಿದರೂ ಗೊತ್ತಾಗದು.

ಸ್ವಲ್ಪ ದಿನ 'ಗಾಥಾಸಪ್ತಶತಿ'ಯನ್ನು ಓದಿ. ಶಾತವಾಹನ ದೊರೆ ಹಾಲನ ಹೆಸರಿನಲ್ಲಿ ಬಂದಿರುವ, ಸುಮಾರು ಏಳುನೂರು ಪ್ರಾಕೃತ ಪದ್ಯಗಳ ಸಂಕಲನ ಅದು. ಅಲ್ಲಿರುವವರು ಹೊಲಗದ್ದೆಯ, ಹಟ್ಟಿಯ ಹೆಂಗಸರು. ಒಂದು ಪದ್ಯದಲ್ಲಿ ಹೆಂಡತಿ ಒಲೆಯ ಮಸಿ ಹತ್ತಿದ ಕೈಯಿಂದ ಮುಖ ಮುಟ್ಟಿಕೊಂಡಿದ್ದಾಳೆ. ಗಂಡ ನೋಡಿ ನಗುತ್ತಾನೆ, ಈಗ ನಿಜಕ್ಕೂ ಚಂದ್ರನ ಹಾಗಾಯಿತು ಎಂಬ ಭಾವದಲ್ಲಿ. ಅವನಿಗೆ ಬೇಕಾದದ್ದು ಕಲೆಯಿಲ್ಲದ ಮುಖವಲ್ಲ, ಅವಳ ಮುಖ. ಈ ಪದ್ಯವನ್ನು ಯಜಮಾನರಿಗೆ ನೀವೇ ಓದಿ ಹೇಳಿ. ನಿಮ್ಮ ಸಂಕಟವನ್ನೂ ಆಗಲೇ ಹೇಳಿಬಿಡಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಅದು ಬೆಳೆಯುತ್ತದೆ.

ಪ್ರಶ್ನೆ: ನಾನು ಎಂ.ಎ. ವಿದ್ಯಾರ್ಥಿ. ಜನ್ನನ 'ಯಶೋಧರ ಚರಿತೆ' ನನ್ನನ್ನು ಬಿಡುತ್ತಿಲ್ಲ. ಮಾವುತ ಅಮೃತಮತಿಯನ್ನು ಹೊಡೆಯುವ ರಾತ್ರಿಯ ಭಾಗ ಓದುವಾಗ ಅಸಹ್ಯವೂ ಆಗುತ್ತದೆ, ಸೆಳೆತವೂ ಇರುತ್ತದೆ. ನನ್ನ ಮನಸ್ಸೇ ಕೆಟ್ಟಿದೆಯೇ? – ಧಾರವಾಡ

ಉತ್ತರ: ಕೆಟ್ಟಿಲ್ಲ. ಕೆಟ್ಟಿದ್ದರೆ ಅಸಹ್ಯ ಆಗುತ್ತಿರಲಿಲ್ಲ, ಕಾಗದವನ್ನೂ ಬರೆಯುತ್ತಿರಲಿಲ್ಲ. ಓದುವಾಗ ಹುಟ್ಟುವ ಸೆಳೆತವೇ ಬೇರೆ, ಬಾಳಿನಲ್ಲಿ ಅದನ್ನು ಬಯಸುವುದೇ ಬೇರೆ.

1209ರಲ್ಲಿ ಈ ಕಾವ್ಯ ಬರೆದ ಜನ್ನ ಆ ಎರಡು ಭಾವಗಳನ್ನೂ ಬೇಕೆಂದೇ ಒಟ್ಟಿಗೆ ಎಬ್ಬಿಸುತ್ತಾನೆ. ಅರಮನೆಯ ರಾಣಿ ಇರುಳಿನ ಹಾಡು ಕೇಳಿ ಮನಸೋತದ್ದು ಕುರೂಪಿ ಮಾವುತನಿಗೆ. ತಡವಾಗಿ ಬಂದಳೆಂದು ಅವನು ಹೊಡೆದರೆ ಅವನ ಕಾಲಿಗೇ ಬೀಳುತ್ತಾಳೆ. ಕತ್ತಿ ಹಿಡಿದು ಹಿಂದೆಯೇ ಬಂದ ರಾಜ ಅದನ್ನು ಕಂಡೂ ಕೈ ತಡೆಯುತ್ತಾನೆ. ಮರುದಿನ ಅವನು ಹೂವಿನಿಂದ ಮೆಲ್ಲಗೆ ತಟ್ಟಿದರೆ ಅದೇ ರಾಣಿ ಮೂರ್ಛೆ ಹೋದಂತೆ ಬೀಳುತ್ತಾಳೆ. ರಾತ್ರಿಯ ಪೆಟ್ಟನ್ನು ಈ ಹೂವಿನ ಪೆಟ್ಟಿನ ಪಕ್ಕದಲ್ಲಿಟ್ಟು ಓದಿ. ಆಗ ಕಾಣುವುದು ಅವಳ ದೇಹವಲ್ಲ, ಮೂವರ ದುಃಖ. ಅಲ್ಲಿಂದ ಹಿಟ್ಟಿನ ಕೋಳಿಯ ಬಲಿ, ವಿಷ, ಜನ್ಮಜನ್ಮದ ಅಲೆದಾಟ. ಆ ಒಂದು ರಾತ್ರಿಯನ್ನು ಮಾತ್ರ ಕಿತ್ತುಕೊಂಡು ಮತ್ತೆ ಮತ್ತೆ ಓದಿದರೆ ಅದು ಕಾಡುತ್ತದೆ, ಪೂರ್ತಿ ಓದಿದರೆ ಅರ್ಥವಾಗುತ್ತದೆ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ'ವನ್ನೂ ಜತೆಗೆ ಓದಿ.

ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ಬಾಳಿನಲ್ಲಿ ಹೊಡೆತ ಒಲವಿನ ಗುರುತಲ್ಲ. ಆ ಕಲ್ಪನೆ ಓದಿನಾಚೆಗೂ ನಿದ್ದೆ ಕೆಡಿಸುತ್ತಿದ್ದರೆ ಒಬ್ಬ ಆಪ್ತಸಮಾಲೋಚಕರನ್ನು ಕಂಡು ಮಾತಾಡಿ.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು, ಜೈನ ಮನೆತನ. 'ಭರತೇಶ ವೈಭವ'ದ ಸರಸದ ಭಾಗಗಳೆಂದರೆ ಬಲು ಪ್ರೀತಿ. ವ್ರತ ಹಿಡಿದವನಿಗೆ ಇದು ದೋಷವೇ? – ಕಾರ್ಕಳ

ಉತ್ತರ: ಗುರುಗಳೇ, ವ್ರತದ ದಿನಗಳ ಓದನ್ನು ನೀವೇ ನಿರ್ಧರಿಸಿಕೊಳ್ಳಿ. ಕವಿಯ ಕ್ರಮ ಮಾತ್ರ ನೆನಪಿರಲಿ: ಮೂಡುಬಿದಿರೆಯ ರತ್ನಾಕರವರ್ಣಿ ಆರಂಭಿಸಿದ್ದು ಭೋಗವಿಜಯದಿಂದ, ಮುಂದೆ ಸಾಗಿದ್ದು ಮೋಕ್ಷವಿಜಯದತ್ತ. ಪಂಪನ 'ಆದಿಪುರಾಣ'ದಲ್ಲೂ ಹಾಗೆಯೇ. ಶಯ್ಯಾಗೃಹದ ಕಿಟಕಿ ತೆರೆಯಲು ಮರೆತು, ಧೂಪದ ಹೊಗೆ ತುಂಬಿ, ವಜ್ರಜಂಘ ಶ್ರೀಮತಿಯರು ತಬ್ಬಿಕೊಂಡಂತೆಯೇ ಪ್ರಾಣಬಿಡುತ್ತಾರೆ. ಆ ವಜ್ರಜಂಘನೇ ಮುಂದಿನ ಜನ್ಮವೊಂದರಲ್ಲಿ ತೀರ್ಥಂಕರ ಆದಿನಾಥ. ಆ ಶ್ರೀಮತಿಯೇ ಅವನಿಗೆ ಕಬ್ಬಿನ ಹಾಲು ನೀಡಿ ಪಾರಣೆ (ಉಪವಾಸದ ಮುಕ್ತಾಯ) ಮಾಡಿಸುವ ಶ್ರೇಯಾಂಸ. ಆ ಸರಸವಿಲ್ಲದೆ ಈ ದಾನದ ಕಥೆ ಹೇಗೆ ಬಂದೀತು?

ಪ್ರಶ್ನೆ: ಗೆಳತಿಯರು ಸೇರಿ ಇಂಥ ಪುಸ್ತಕಗಳನ್ನು ಕೈಬದಲಿಸಿಕೊಂಡು ಓದುತ್ತೇವೆ. ಪೊಲೀಸ್ ಕೇಸಾಗುತ್ತದೆಯೇ? – ಬೆಂಗಳೂರು

ಉತ್ತರ: ಹೆದರಬೇಡಿ. ಅಶ್ಲೀಲ ಪುಸ್ತಕಗಳ ಮಾರಾಟ, ಹಂಚಿಕೆಗೆ ಕಾನೂನಿನ ತಡೆ ಇರುವುದು ನಿಜ. ಆದರೆ ಸಾಹಿತ್ಯ, ಕಲೆ, ವಿಜ್ಞಾನದ ಹಿತಕ್ಕಾಗಿ ಬಂದ ಕೃತಿಗೆ 1969ರ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ಸಮರೇಶ ಬಸು ಅವರ ಬಂಗಾಳಿ ಕಾದಂಬರಿ 'ಪ್ರಜಾಪತಿ' ಅಶ್ಲೀಲವಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. ಮಕ್ಕಳ ಕೈಗೆ ಮಾತ್ರ ಸಿಗದಂತೆ ನೋಡಿಕೊಳ್ಳಿ. ಹೊಸಬರು ಸೇರಿದರೆ ಇಂಥ ಓದು ಅವರಿಗೆ ಒಪ್ಪಿಗೆಯೇ ಎಂದು ಮೊದಲು ಕೇಳಿ, ಆಮೇಲೆ ಪುಸ್ತಕ ಕೊಡಿ.