ಸ್ಪಿನ್‌ಲಾಕ್ ಹಿಡಿದು ತೂಕಡಿಸಬೇಡಿ

ಲಿನಕ್ಸ್ ಡ್ರೈವರ್ ಬರೆಯಲು ಹೊರಟಿದ್ದೀರಾ? ಒಂದು ಕಿವಿಮಾತು: ಇಂಟರಪ್ಟ್ ಹ್ಯಾಂಡ್ಲರ್ ಒಳಗಾಗಲಿ, ಸ್ಪಿನ್‌ಲಾಕ್ ಹಿಡಿದಿರುವಾಗಾಗಲಿ ನಿದ್ದೆಗೆ ಜಾರಬಲ್ಲ ಯಾವ ಫಂಕ್ಷನ್ನನ್ನೂ ಕರೆಯಬೇಡಿ.

ಎಂಸ್ಲೀಪ್ ಹೆಸರಲ್ಲೇ ನಿದ್ದೆಯಿದೆ, ಅದರಿಂದ ಮೋಸ ಹೋಗುವವರು ಕಡಿಮೆ. ಕೈಕೊಡುವುದು ಸಾಧು ಮುಖದವು. ಕೆಮ್ಯಾಲಕ್‌ಗೆ ಜಿಎಫ್‌ಪಿ ಕರ್ನೆಲ್ ಎಂದು ಕೊಟ್ಟು ನೋಡಿ. ಮೆಮೊರಿ ಧಾರಾಳವಾಗಿದ್ದರೆ ಕೇಳಿದ ತಕ್ಷಣ ಸಿಗುತ್ತದೆ. ಬಿಗಿಯಾದಾಗ ಮಾತ್ರ ಅದು ಮಲಗಿಬಿಡಬಹುದು. ಹೀಗಾಗಿ ನಿಮ್ಮ ಮೇಜಿನ ಮೇಲೆ ತಿಂಗಳುಗಟ್ಟಲೆ ಓಡಿದ ಕೋಡ್ ಗ್ರಾಹಕರ ಯಂತ್ರದಲ್ಲಿ ನಿಂತುಹೋಗುತ್ತದೆ. ಮನೆಯವರನ್ನೆಲ್ಲ ಹೊರಗೆ ನಿಲ್ಲಿಸಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದ ಹಾಗೆ: ಲಾಕಿಗಾಗಿ ಕಾಯುವ ಇನ್ನೊಂದು ಸಿಪಿಯು ಸುಮ್ಮನೆ ಗಿರಗಿರನೆ ಸುತ್ತುತ್ತಿರುತ್ತದೆ.

ಬೇಕಾದ ಮೆಮೊರಿಯನ್ನು ಲಾಕ್ ಹಿಡಿಯುವ ಮೊದಲೇ ಪಡೆದಿಟ್ಟುಕೊಳ್ಳಿ. ಆಗದಿದ್ದರೆ ಜಿಎಫ್‌ಪಿ ಅಟಾಮಿಕ್ ಬಳಸಿ; ಅದು ಬರಿಗೈಲಿ ಬರಬಹುದು, ನಲ್ ಪರೀಕ್ಷೆ ಮರೆಯಬೇಡಿ. ಮ್ಯೂಟೆಕ್ಸ್ ಬೇಕಾಗುವ, ಹೊತ್ತು ಹಿಡಿಯುವ ಕೆಲಸವನ್ನು ವರ್ಕ್‌ಕ್ಯೂಗೋ ಥ್ರೆಡೆಡ್ ಐಆರ್‌ಕ್ಯೂಗೋ ಒಪ್ಪಿಸಿ.

ಪರೀಕ್ಷೆಯ ಕರ್ನೆಲ್‌ನಲ್ಲಿ ‘ಡಿಬಗ್ ಅಟಾಮಿಕ್ ಸ್ಲೀಪ್’ ಆಯ್ಕೆ ಹಾಕಿಕೊಳ್ಳಿ. ಕೋಡ್ ನಿಜಕ್ಕೂ ಮಲಗದಿದ್ದರೂ, ಮಲಗಬಹುದಾದ ಕರೆ ಕಂಡೊಡನೆ ಅದು ಲಾಗ್‌ನಲ್ಲಿ ಎಚ್ಚರಿಸುತ್ತದೆ. ಆ ಸಾಲನ್ನು ಕಂಡೂ ಕಾಣದಂತೆ ಬಿಡಬೇಡಿ.