ಬಂಡೆ ಹತ್ತುವವರಿಗೆ ಜಾಕೆಟ್ ಕಿವಿಮಾತು

ಮಾಗಡಿಯ 1,226 ಮೀಟರ್ ಎತ್ತರದ ಸಾವನದುರ್ಗವೋ, ರಾಮನಗರದ ಬೆಟ್ಟಗಳೋ, ಹತ್ತುವವರಿಗೆ ದಪ್ಪ ಜಾಕೆಟ್ ಬೇಡ. ಇಲ್ಲಿ ಚಳಿಗಿಂತ ಬೆವರಿನ ಕಾಟವೇ ಹೆಚ್ಚು. ಒಳಪದರವಿಲ್ಲದ ತೆಳು ಸಾಫ್ಟ್‌ಶೆಲ್ ಜಾಕೆಟ್ ಸಾಕು.

ಅಂಗಡಿಯಲ್ಲೇ ತೊಟ್ಟು ಎರಡೂ ಕೈ ಮೇಲೆತ್ತಿ ನೋಡಿ. ಅಂಚು ಸೊಂಟದ ಹಾರ್ನೆಸ್‌ನಿಂದ ಮೇಲೆ ಸರಿಯಬಾರದು. ಟೋಪಿ ಹೆಲ್ಮೆಟ್ ಮೇಲೂ ಕೂರಬೇಕು. ಮೊಣಕೈ ಬಳಿ ಬಟ್ಟೆ ಗಟ್ಟಿಯಿರಲಿ, ನಮ್ಮ ಗ್ರಾನೈಟ್‌ಗೆ ಉಜ್ಜಿದರೆ ನೂಲು ಎದ್ದುಬಿಡುತ್ತದೆ.

ಸಾಫ್ಟ್‌ಶೆಲ್ ತುಂತುರು ತಡೆದೀತು, ಸುರಿಮಳೆಯನ್ನಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಂತೂ ಚೀಲದಲ್ಲಿ ರೇನ್‌ಕೋಟ್ ಇರಲೇಬೇಕು. ತೋಳಿನ ಮೇಲೆ ಬಿದ್ದ ನೀರು ಹನಿಯಾಗಿ ಉರುಳದೆ ಇಂಗತೊಡಗಿದರೆ, ಒಗೆದು, ಲೇಬಲ್ ಅನುಮತಿಸಿದಷ್ಟು ಬಿಸಿಯಲ್ಲಿ ಒಣಗಿಸಿ. ಬಟ್ಟೆ ಮೆದುವಾಗಿಸುವ ದ್ರಾವಣ ಹಾಕಬೇಡಿ.

ಗುಡುಗು ಕೇಳಿಸಿತೋ, ಬಂಡೆ ಒದ್ದೆಯಾಯಿತೋ, ಮೈಮೇಲೆ ಎಂಥ ಜಾಕೆಟ್ ಇದ್ದರೂ ಹುಷಾರಾಗಿ ಇಳಿದುಬಿಡಿ.