ಜೊತೆಗೆ ಬಂದವರನ್ನು ಬಿಟ್ಟು ಮುಂದೆ ಹೋಗುವುದೇ?



ಸರತಿ ಸಾಲು ನಮಗೆ ಹೊಸದಲ್ಲ. ಜೂನ್ 13ರಂದು ಡೋರ್ನಹಳ್ಳಿಯ ಸಂತ ಅಂತೋನಿಯವರ ಹಬ್ಬಕ್ಕೆ ಹೋಗಿಬಂದವರಿಗೂ ತಿಂಗಳ ಮೊದಲ ವಾರದಲ್ಲಿ ಪಿಂಚಣಿಗಾಗಿ ಬ್ಯಾಂಕಿನ ಕೌಂಟರಿನ ಮುಂದೆ ನಿಂತವರಿಗೂ ಅದರ ಪರಿಚಯ ಚೆನ್ನಾಗಿಯೇ ಇದೆ. ಮೊದಲು ಬಂದವರಿಗೆ ಮೊದಲು ಎಂಬುದು ಸಾಲಿನ ಹಳೆಯ ನಿಯಮ. ಆದರೆ ಈಗ ಅನೇಕ ಕಡೆ ಒಂದರ ಪಕ್ಕದಲ್ಲಿ ಇನ್ನೊಂದು ಸಾಲು ಬಂದಿದೆ. ಕಾರ್ಡು ಇದ್ದವರಿಗೆ ಒಂದು, ಇಲ್ಲದವರಿಗೆ ಒಂದು.

ಕಾರ್ಡು ಇದ್ದವರು ಒಬ್ಬರೇ ಹೋದರೆ ತೊಂದರೆಯಿಲ್ಲ. ಆದರೆ ನಾವು ಪ್ರಯಾಣ ಹೊರಡುವುದು ಮನೆಮಂದಿಯ ಜೊತೆ. ಒಬ್ಬರ ಕೈಯಲ್ಲಿ ಕಾರ್ಡಿದೆ, ಉಳಿದವರಲ್ಲಿ ಇಲ್ಲ. ಆಗ ಏನು ಮಾಡಬೇಕು? ಅವರನ್ನೂ ಎಳೆದುಕೊಂಡು ಮುಂದಿನ ಸಾಲಿಗೆ ಹೋಗುವುದೇ? ಬಿಟ್ಟು ಹೋಗುವುದೇ? ಅಥವಾ ಅವರ ಜೊತೆ ಹಿಂದೆಯೇ ನಿಲ್ಲುವುದೇ? ಪ್ರಶ್ನೆ ಚಿಕ್ಕದಾಗಿ ಕಂಡರೂ ಅನೇಕ ಕುಟುಂಬಗಳ ಪ್ರವಾಸದಲ್ಲಿ ಮೊದಲ ಮುನಿಸು ಹುಟ್ಟುವುದು ಇಲ್ಲಿಯೇ. ಈ ವಾರ ಇದನ್ನೇ ವಿಚಾರ ಮಾಡೋಣ.

ಹಡಗಿನ ಬಾಗಿಲಲ್ಲಿ

ನಮ್ಮ ಜಯಲಕ್ಷ್ಮಿಪುರಂ, ಗೋಕುಲಂ, ಒಂಟಿಕೊಪ್ಪಲು ಕಡೆಯ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ್ದಾರೆ. ಹಿಂದೆ ಅವರು ತಂದೆತಾಯಿಯನ್ನು ಊಟಿಗೋ ವೇಳಾಂಗಣಿಗೋ ಕರೆದೊಯ್ಯುತ್ತಿದ್ದರು. ಈಗ ಕೆಲವರು ಕ್ರೂಸ್ ಹಡಗಿಗೂ ಕರೆದೊಯ್ಯುತ್ತಾರೆ. ಸಿಂಗಪುರದಲ್ಲಿ 2012ರಲ್ಲಿ ತೆರೆದ ಮರೀನಾ ಬೇ ಕ್ರೂಸ್ ಸೆಂಟರ್‌ನಿಂದ ದೊಡ್ಡ ಹಡಗುಗಳು ಹೊರಡುತ್ತವೆ. ನಮ್ಮ ದೇಶದಲ್ಲಿಯೇ 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆಯು ಮುಂಬೈಯಿಂದ ಹಡಗು ಪ್ರವಾಸ ಆರಂಭಿಸಿತು.

ಹಡಗು ಹತ್ತುವ ದಿನ ಬಂದರಿನಲ್ಲಿ ನಡೆಯುವುದು ಹೀಗೆ. ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಒಪ್ಪಿಸಬೇಕು. ಕೈಚೀಲವನ್ನೂ ನಮ್ಮನ್ನೂ ತಪಾಸಣೆ ಮಾಡುತ್ತಾರೆ. ಆಮೇಲೆ ಕೌಂಟರಿನಲ್ಲಿ ಪಾಸ್‌ಪೋರ್ಟು, ಟಿಕೆಟ್ಟು ನೋಡುತ್ತಾರೆ, ಇದೇ ಚೆಕ್-ಇನ್. ಹೊರದೇಶದ ಬಂದರಾದರೆ ವಲಸೆ ಅಧಿಕಾರಿಗಳ ಮುಂದೆಯೂ ಹೋಗಬೇಕು. ಖಾಯಂ ಗಿರಾಕಿಗಳ ಆದ್ಯತೆಯ ಸಾಲಿನಿಂದ ಮುಖ್ಯವಾಗಿ ಚೆಕ್-ಇನ್ ಕೌಂಟರಿನ ಕಾಯುವಿಕೆ ಕಡಿಮೆಯಾಗುತ್ತದೆ. ವಲಸೆ ಅಧಿಕಾರಿ ನಮ್ಮ ಕಾರ್ಡಿನ ಬಣ್ಣ ನೋಡುವುದಿಲ್ಲ.

ಈ ಆದ್ಯತೆ ಸಿಗುವುದು ಹೇಗೆ? ರಾಯಲ್ ಕೆರಿಬಿಯನ್ ಕಂಪನಿಯ ಪದ್ಧತಿಯನ್ನು ನೋಡಿ. ಹಡಗಿನಲ್ಲಿ ಕಳೆದ ಒಂದು ರಾತ್ರಿಗೆ ಒಂದು ಅಂಕ, ಸೂಟ್ ಎನ್ನುವ ದೊಡ್ಡ ಕೋಣೆಯಾದರೆ ಎರಡು. ಹೀಗೆ 80 ಅಂಕ ಕೂಡಿದವರಿಗೆ ಡೈಮಂಡ್ ದರ್ಜೆ. ಒಂದೇ ವಿಳಾಸದಲ್ಲಿ ವಾಸಿಸುವ ಗಂಡಹೆಂಡಿರಲ್ಲಿ ಒಬ್ಬರ ದರ್ಜೆ ಇನ್ನೊಬ್ಬರಿಗೂ ಸಲ್ಲುತ್ತದೆ. 18 ವರ್ಷ ತುಂಬದ ಮಕ್ಕಳಿಗೂ ಸಲ್ಲುತ್ತದೆ. ಅಲ್ಲಿಗೆ ಮುಗಿಯಿತು. ಹೆತ್ತ ತಾಯಿಗೆ, ಒಡಹುಟ್ಟಿದವರಿಗೆ, ದೊಡ್ಡವರಾದ ಮಕ್ಕಳಿಗೆ ಅದು ತಾನಾಗಿ ಸಿಗುವುದಿಲ್ಲ.

ಕಂಪನಿ ಎಣಿಸುವ ಕುಟುಂಬವೇ ಬೇರೆ, ನಾವು ಎಣಿಸುವ ಕುಟುಂಬವೇ ಬೇರೆ. ತೊಡಕು ಆರಂಭವಾಗುವುದು ಇಲ್ಲಿಂದ.

ಏಳು ಜನರ ಪ್ರವಾಸ

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ತಾಯಿಗೆ 75 ತುಂಬಿತು. ಸಿಂಗಪುರದಲ್ಲಿರುವ ಮಗ ಸಂತೋಷದಿಂದ ಎಲ್ಲರಿಗೂ ಹಡಗಿನ ಟಿಕೆಟ್ ಮಾಡಿಸಿದ. ಅವನು, ಅವನ ಹೆಂಡತಿ, ಶಾಲೆಗೆ ಹೋಗುವ ಮಗು ಒಂದು ಕೋಣೆಯಲ್ಲಿ. ಅಕ್ಕ ಮತ್ತು ಭಾವ ಇನ್ನೊಂದರಲ್ಲಿ. ಅಮ್ಮ ಮತ್ತು ಅಕ್ಕನ 19 ವರ್ಷದ ಮಗಳು ಮೂರನೆಯದರಲ್ಲಿ. ಒಟ್ಟು ಏಳು ಜನ. ಕಾರ್ಡಿನ ಲೆಕ್ಕಕ್ಕೆ ಬರುವವರು ಮೂವರು ಮಾತ್ರ. ಯಾರ ಹುಟ್ಟುಹಬ್ಬಕ್ಕಾಗಿ ಪ್ರವಾಸವೋ ಆ ತಾಯಿಯೇ ಹೊರಗಿನ ನಾಲ್ವರಲ್ಲಿ ಒಬ್ಬರು.

ಬಂದರಿಗೆ ಬಂದಾಗ ಈ ಮಗನ ಮುಂದೆ ಮೂರು ದಾರಿಗಳಿವೆ.

“ನೀವು ಆ ಕಡೆ ಬನ್ನಿ, ನಾವು ಒಳಗೆ ಸಿಗುತ್ತೇವೆ” ಎಂದು ಹೇಳಿ ಮೂವರೇ ಮುಂದೆ ಹೋಗಬಹುದು. ನಿಯಮದಲ್ಲಿ ತಪ್ಪಿಲ್ಲ. ಆದರೆ ಮೊದಲ ಬಾರಿಗೆ ಹಡಗು ನೋಡುತ್ತಿರುವ ತಾಯಿ, ಇಂಗ್ಲಿಷ್ ಅಷ್ಟಾಗಿ ಬಾರದ ಭಾವ, ಯಾವ ಕಾಗದ ಎಲ್ಲಿ ತೋರಿಸಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಅಕ್ಕ ಬಾಯಿಬಿಟ್ಟು ಏನೂ ಹೇಳದಿರಬಹುದು. ಊರಿಗೆ ಬಂದ ಮೇಲೆ ಹಡಗಿನ ಊಟ ಮರೆತರೂ ಆ ಅರ್ಧ ಗಂಟೆಯನ್ನು ಮರೆಯುವುದಿಲ್ಲ.

ಎರಡನೆಯದು, “ಇವರೆಲ್ಲ ನಮ್ಮವರೇ” ಎಂದು ಏಳು ಜನರೂ ಆದ್ಯತೆಯ ಸಾಲಿಗೆ ನುಗ್ಗುವುದು. ಮೂರನೆಯದು, ಕಾರ್ಡನ್ನು ಜೇಬಿನಲ್ಲಿಟ್ಟು ಏಳು ಜನರೂ ಸಾಮಾನ್ಯ ಸಾಲಿನಲ್ಲಿ ನಿಲ್ಲುವುದು.

ಯಾರದನ್ನು ಹಂಚುತ್ತಿದ್ದೇವೆ?

ಎರಡನೆಯ ದಾರಿ ಮೇಲುನೋಟಕ್ಕೆ ಉದಾರವಾಗಿ ಕಾಣುತ್ತದೆ. ತನಗೆ ಸಿಕ್ಕಿದ್ದನ್ನು ತನ್ನವರಿಗೂ ಹಂಚುವುದು ಒಳ್ಳೆಯ ಗುಣವಲ್ಲವೇ? ಸ್ವಲ್ಪ ನಿಂತು ಯೋಚಿಸಿ. ತಟ್ಟೆಯಲ್ಲಿರುವ ಊಟವನ್ನು ಹಂಚಿದರೆ ನಮ್ಮ ಪಾಲು ಕಡಿಮೆಯಾಗುತ್ತದೆ. ಆದರೆ ನಾಲ್ಕು ಜನರನ್ನು ಸಾಲಿನ ಮುಂದಕ್ಕೆ ತಂದರೆ ನಮ್ಮ ಸಮಯ ಹೋಗುವುದಿಲ್ಲ. ಹಿಂದೆ ನಿಂತವರ ಸಮಯ ಹೋಗುತ್ತದೆ. ಅವರನ್ನು ಯಾರೂ ಕೇಳಿಲ್ಲ. ಅಂದರೆ ನಾವು ಉದಾರಿಗಳಾಗಿರುವುದು ಇನ್ನೊಬ್ಬರ ಜೇಬಿನಿಂದ.

ಕೌಂಟರಿನಲ್ಲಿ ಕುಳಿತ ಹುಡುಗಿಯನ್ನೂ ಮರೆಯಬಾರದು. ಯಾರನ್ನು ಬಿಡಬೇಕೆಂಬ ಪಟ್ಟಿ ಅವಳ ಮುಂದಿದೆ. ನಾವು ಗದರಿದರೆ, ಇಲ್ಲದ ಸಂಬಂಧ ಹೇಳಿದರೆ, ಅವಳು ಮುಜುಗರಕ್ಕೆ ಸಿಕ್ಕಿ ಬಿಟ್ಟಾಳು. ಮೇಲಿನವರ ಬೈಗುಳ ಕೇಳುವವಳು ಅವಳೇ.

ಹಾಗೆಂದು ಹಂಚಿಕೊಳ್ಳುವುದೇ ತಪ್ಪು ಎಂದಲ್ಲ. ಕೊಡುವ ಹಕ್ಕು ಇರುವವರು ಕೊಟ್ಟರೆ ಕೃತಜ್ಞತೆಯಿಂದ ಪಡೆಯಬಹುದು. ಒಂದೇ ಕೋಣೆಯಲ್ಲಿ ಇಳಿದುಕೊಳ್ಳುವವರನ್ನು ಕಾರ್ಡುದಾರರ ಜೊತೆಯಲ್ಲಿಯೇ ಬಿಡುವ ರೂಢಿ ಕೆಲವು ಕಂಪನಿಗಳಲ್ಲಿದೆ. ಜೊತೆಯಲ್ಲಿ ವೃದ್ಧರಿದ್ದರೆ ಸಿಬ್ಬಂದಿಯೇ ಕರೆದು ಮುಂದೆ ಕಳಿಸುವುದೂ ಉಂಟು. “ನನ್ನ ತಾಯಿ ನನ್ನ ಜೊತೆ ಬರಬಹುದೇ?” ಎಂದು ವಿನಯದಿಂದ ಕೇಳುವುದರಲ್ಲಿ ಯಾವ ಕುಂದೂ ಇಲ್ಲ. ಇಲ್ಲ ಎಂದರೆ ಅದನ್ನು ಒಪ್ಪಿಕೊಳ್ಳುವ ಮನಸ್ಸೂ ಬೇಕು, ಅಷ್ಟೇ.

ಇನ್ನು ಮೂರನೆಯ ದಾರಿ. ಕಾರ್ಡಿದ್ದೂ ಹಿಂದಿನ ಸಾಲಿನಲ್ಲಿ ನಿಂತವನು ಕೊಡುವುದು ನಿಜವಾಗಿ ತನ್ನದೇ ಆದದ್ದನ್ನು, ಅಂದರೆ ತನ್ನ ಸಮಯವನ್ನು. ಅದರಿಂದ ಯಾರಿಗೂ ನಷ್ಟವಿಲ್ಲ. ಮುಂದಿನ ಸಾಲಿನವನೂ ಹಿಂದಿನ ಸಾಲಿನವನೂ ಹತ್ತುವುದು ಒಂದೇ ಹಡಗು. ಅದು ಹೊರಡುವುದೂ ಎಲ್ಲರಿಗೂ ಒಂದೇ ಹೊತ್ತಿಗೆ. ಬೇಗ ಹತ್ತಿದವನು ಬೇಗ ತಲಪುವುದಿಲ್ಲ.

ಅಗತ್ಯದ ಜೊತೆಗಾರ, ಪ್ರೀತಿಯ ಜೊತೆಗಾರ

ಹಡಗು ನಮಗೆ ದೂರ ಎನ್ನುವವರು ಮೈಸೂರು ರೈಲು ನಿಲ್ದಾಣಕ್ಕೆ ಬನ್ನಿ. ಇಲ್ಲಿಯೂ ಇದೇ ಪ್ರಶ್ನೆ ಇದೆ.

ಅಂಗವೈಕಲ್ಯದಿಂದ ಒಬ್ಬರೇ ಪ್ರಯಾಣ ಮಾಡಲಾಗದವರಿಗೆ ರೈಲ್ವೆಯು ಸ್ಲೀಪರ್, ಮೂರನೇ ದರ್ಜೆ ಎ.ಸಿ. ಮುಂತಾದ ತರಗತಿಗಳಲ್ಲಿ ಶೇಕಡಾ 75ರಷ್ಟು ರಿಯಾಯಿತಿ ಕೊಡುತ್ತದೆ. ಅವರ ಜೊತೆಗೆ ಹೋಗುವ ಒಬ್ಬ ಸಹಾಯಕರಿಗೂ ಅಷ್ಟೇ ರಿಯಾಯಿತಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಈ ಎರಡು ತರಗತಿಗಳಲ್ಲಿ ಟಿಕೆಟ್ ಪೂರ್ತಿ ಉಚಿತ. ಜೊತೆಗಾರರಿಗೆ ಶೇಕಡಾ 75 ರಿಯಾಯಿತಿ. ಇಲ್ಲಿ ಜೊತೆಗಾರರಿಗೆ ಸಿಗುವುದು ಯಾರದೋ ದಾಕ್ಷಿಣ್ಯದಿಂದಲ್ಲ. ಅವರಿಲ್ಲದೆ ಆ ಪ್ರಯಾಣವೇ ಸಾಗದು ಎಂದು ನಿಯಮವೇ ಒಪ್ಪಿಕೊಂಡಿದೆ. ಇವರು ಅಗತ್ಯದ ಜೊತೆಗಾರರು.

ಕೆಳಬರ್ತಿನ ಕೋಟಾ ಇದಕ್ಕೆ ತಿರುಗುಮುರುಗು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಲವು ಕೆಳಬರ್ತುಗಳನ್ನು ಬೇರೆಯಾಗಿ ಇಟ್ಟಿದ್ದಾರೆ. ಅಂಥವರು ಒಬ್ಬರೇ ಹೋಗುತ್ತಿರಬೇಕು, ಇಲ್ಲವೇ ಅಂಥ ಇಬ್ಬರು ಒಂದೇ ಟಿಕೆಟಿನಲ್ಲಿರಬೇಕು. ತಾಯಿಯ ಜೊತೆ 30ರ ಮಗನ ಹೆಸರನ್ನೂ ಅದೇ ಟಿಕೆಟಿಗೆ ಸೇರಿಸಿದರೆ ಈ ಕೋಟಾ ಸಿಗುವುದಿಲ್ಲ. ಆಗ ಸಾಮಾನ್ಯ ಕೋಟಾದಲ್ಲಿ ಕೆಳಬರ್ತು ಉಳಿದಿದ್ದರೆ ಮಾತ್ರ ತಾಯಿಗೆ ಸಿಗುತ್ತದೆ. ಮಗ ಪ್ರೀತಿಯ ಜೊತೆಗಾರನೇ. ಆದರೂ ಅವನ ಹೆಸರು ಸೇರಿದ್ದರಿಂದ ತಾಯಿಯ ಸೌಲಭ್ಯ ತಪ್ಪಿತು. ಆದುದರಿಂದ ಟಿಕೆಟ್ ಮಾಡಿಸುವ ಮೊದಲೇ ನಿಯಮ ತಿಳಿಯುವುದು ಮುಖ್ಯ. (ಹಿರಿಯ ನಾಗರಿಕರಿಗಿದ್ದ ಟಿಕೆಟ್ ದರದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು ಎಂಬುದನ್ನೂ ನೆನಪಿಡಿ.)

ಈ ಭೇದವನ್ನು ಮರೆತಾಗ ಇನ್ನೊಂದು ತಪ್ಪು ನಡೆಯುತ್ತದೆ. ವಿಮಾನ ನಿಲ್ದಾಣಗಳಲ್ಲಿ ನಡೆಯಬಲ್ಲವರೂ ಗಾಲಿಕುರ್ಚಿ ಕೇಳುವುದುಂಟು. ಸಾಲು ತಪ್ಪುತ್ತದೆ, ಜೊತೆಗೆ ಮನೆಯವರೂ ಮುಂದೆ ಹೋಗಬಹುದು ಎಂಬ ಆಸೆಯಿಂದ. ಭಾಷೆ ಬಾರದ ಭಯದಿಂದ ಕೇಳುವವರೂ ಇದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಕುರ್ಚಿಗಳೂ ಅದನ್ನು ತಳ್ಳುವ ಕೈಗಳೂ ಲೆಕ್ಕದಷ್ಟೇ ಇರುತ್ತವೆ. ಮಂಡಿ ಸವೆದ ಇನ್ನೊಬ್ಬ ತಾಯಿ ಅಲ್ಲೆಲ್ಲೋ ಕಾಯುತ್ತಿರುತ್ತಾಳೆ.

ಹೊರಡುವ ಮುನ್ನ

ಈ ಮುನಿಸುಗಳಲ್ಲಿ ಹೆಚ್ಚಿನವು ಮನೆಯಲ್ಲಿಯೇ ಬಗೆಹರಿಯುವಂಥವು.

1. ಟಿಕೆಟ್ ಕೊಳ್ಳುವಾಗಲೇ ಏಜೆಂಟರನ್ನೋ ಕಂಪನಿಯನ್ನೋ ಕೇಳಿ: ಈ ಆದ್ಯತೆ ಯಾರಿಗೆಲ್ಲ ಸಲ್ಲುತ್ತದೆ? ಒಂದೇ ಕೋಣೆಯವರಿಗೋ, ಒಂದೇ ಬುಕಿಂಗಿನವರಿಗೋ? ಉತ್ತರವನ್ನು ಬರಹದಲ್ಲಿ ಪಡೆದು ಜೊತೆಗಿಟ್ಟುಕೊಳ್ಳಿ.

2. ಕೋಣೆ ಹಂಚುವಾಗಲೇ ಇದನ್ನು ಯೋಚಿಸಿ. ಕೋಣೆಯವರನ್ನು ಜೊತೆಗೆ ಬಿಡುವ ಕಂಪನಿಯಾದರೆ ತಾಯಿಯನ್ನು ನಿಮ್ಮ ಕೋಣೆಯಲ್ಲಿ ಇರಿಸಿಕೊಳ್ಳಬಹುದು.

3. ಬಹಳಷ್ಟು ಕಂಪನಿಗಳ ಚೆಕ್-ಇನ್ ಕೆಲಸವನ್ನು ಮನೆಯಿಂದಲೇ ಇಂಟರ್‌ನೆಟ್‌ನಲ್ಲಿ ಮುಗಿಸಬಹುದು. ಬಂದರಿಗೆ ಬರುವ ಹೊತ್ತನ್ನೂ ಆಗಲೇ ಆರಿಸಿಕೊಳ್ಳುವ ವ್ಯವಸ್ಥೆ ಅನೇಕ ಕಡೆ ಇದೆ. ಅದು ತೆರೆದ ದಿನವೇ ಕುಳಿತು ಎಲ್ಲರಿಗೂ ಒಂದೇ ಹೊತ್ತನ್ನು ಆರಿಸಿ. ಇದಕ್ಕೆ ಯಾವ ಕಾರ್ಡೂ ಬೇಡ. ಕಾಗದಗಳು ಸರಿಯಾಗಿದ್ದರೆ ಸಾಮಾನ್ಯ ಸಾಲೂ ಬೇಗ ಸರಿಯುತ್ತದೆ.

4. ನಡೆಯಲಾಗದವರು, ನಿಲ್ಲಲಾಗದವರು ಇದ್ದರೆ ಸಹಾಯವನ್ನು ಮೊದಲೇ ಕೋರಿ. ಅವರ ಜೊತೆ ಒಬ್ಬರು ಸಾಕು. ಯಾರೆಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿ.

5. ಬೇರೆಬೇರೆಯಾಗಿ ಹೋಗಲೇಬೇಕಾದರೆ, ದಾರಿ ಬಲ್ಲವರು ಒಬ್ಬರು ಸಾಮಾನ್ಯ ಸಾಲಿನವರ ಜೊತೆಗಿರಲಿ. ಎಲ್ಲಿ ಭೇಟಿಯಾಗುವುದೆಂದು ಎಲ್ಲರಿಗೂ ತಿಳಿದಿರಲಿ. ಪ್ರತಿಯೊಬ್ಬರ ಪಾಸ್‌ಪೋರ್ಟು ಅವರವರ ಕೈಯಲ್ಲಿರಲಿ.

6. ಕಾರ್ಡು ಇಲ್ಲದ ಜೊತೆಗಾರರಿಗೂ ಒಂದು ಮಾತು. ಅವರಾಗಿ ಕರೆಯುವವರೆಗೆ ಕೇಳಿ ಒತ್ತಾಯ ಮಾಡಬೇಡಿ. ದರ್ಜೆ ಇರುವವರು ಮುಂದೆ ಹೋದರೆ ಅದನ್ನು ತಿರಸ್ಕಾರವೆಂದು ತಿಳಿಯಬೇಡಿ. ಕೈಯಲ್ಲಿ ಹಸುಗೂಸಿದ್ದೀತು, ಮೈಯಲ್ಲಿ ಜ್ವರವಿದ್ದೀತು.

ಊಟದ ಮನೆಯ ಮೊದಲ ಪೀಠ

ಊಟಕ್ಕೆ ಬಂದು ಮೊದಲ ಸ್ಥಾನ ಹುಡುಕುವವರನ್ನು ಕಂಡು ಯೇಸುಸ್ವಾಮಿ ಮದುವೆಯ ಊಟದ ಬಗ್ಗೆ ಹೇಳಿದ ಮಾತು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಅಲ್ಲಿ ಅತಿಥಿಯನ್ನು ಮೇಲಕ್ಕೆ ಕರೆಯುವವನು ಮನೆಯ ಯಜಮಾನ. ಅತಿಥಿ ತಾನಾಗಿ ಪೀಠ ಹಿಡಿಯುವುದಿಲ್ಲ, ತನ್ನ ನೆಂಟರಿಗಾಗಿ ಪೀಠ ಕಾದಿರಿಸುವುದೂ ಇಲ್ಲ. ಆ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಒಟ್ಟಿಗೆ ಕುಳಿತು ಓದಿರಿ. ಬಳಿಕ ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿರಿ.

ನಮ್ಮ ಮನೆಯಲ್ಲಿ ಯಾರ ಕೈಯಲ್ಲಿ ಯಾವ ಸೌಲಭ್ಯವಿದೆ? ಅದು ದುಡ್ಡಿನಿಂದ ಬಂದದ್ದೋ, ಅಗತ್ಯದಿಂದ ಬಂದದ್ದೋ?

ಅದನ್ನು ಹಂಚಿದಾಗ ಕಡಿಮೆಯಾಗುವುದು ನಮ್ಮ ಪಾಲೋ, ಬೇರೆಯವರ ಪಾಲೋ?

ಮುಂದಿನ ಪ್ರಯಾಣದಲ್ಲಿ ನಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಸಾಲಿನಲ್ಲಿ ನಿಲ್ಲುವವರು ಯಾರು? ಈ ಕೊನೆಯ ಪ್ರಶ್ನೆಗೆ ಒಂದು ಹೆಸರು ಸಿಕ್ಕಿದ ಮೇಲೆಯೇ ಟಿಕೆಟ್ ಮಾಡಿಸಿರಿ.